ಜ್ವರ ಬಿಟ್ಟ ಮೇಲೆ ಮೊದಲಿಗಿಂತ ಲವಲವಿಕೆ: ಇದು ವೈರಸ್ಸಿನ ಉಪಕಾರವೇ?

ಪ್ರಶ್ನೆ: ವೈರಲ್ ಜ್ವರ ಬಂದು ಒಂದು ವಾರ ಹಾಸಿಗೆ ಹಿಡಿದಿದ್ದೆ. ಮೈಕೈ ನೋವು, ಕೆಮ್ಮು, ಊಟ ಸೇರುತ್ತಿರಲಿಲ್ಲ. ಈಗ ಜ್ವರ ಬಿಟ್ಟು ಎರಡು ವಾರವಾಗುತ್ತ ಬಂತು. ವಿಚಿತ್ರವೆಂದರೆ ಕಾಯಿಲೆ ಬೀಳುವ ಮುಂಚೆ ಇದ್ದದ್ದಕ್ಕಿಂತಲೂ ಈಗ ಚೆನ್ನಾಗಿದ್ದೇನೆ. ಬೆಳಿಗ್ಗೆ ತಾನಾಗಿಯೇ ಎಚ್ಚರವಾಗುತ್ತದೆ, ಹೊಟ್ಟೆ ಹಗುರ, ತಲೆಯೂ ತಿಳಿ. ಜ್ವರ ಬಂದರೆ ಮೈಯೊಳಗಿನ ಕೆಟ್ಟದ್ದೆಲ್ಲ ತೊಳೆದು ಹೋಗುತ್ತದೆ ಅಂತ ಮನೆಯ ಹಿರಿಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಮಗೆ ಚೆನ್ನಾಗಿದೆ ಅನ್ನಿಸುತ್ತಿರುವುದು ಭ್ರಮೆಯಲ್ಲ. ಆದರೆ ಅದರ ಶ್ರೇಯಸ್ಸು ವೈರಸ್ಸಿಗೆ ಸಲ್ಲುವುದು ಬಲು ಅಪರೂಪ. ಸಾಮಾನ್ಯವಾಗಿ ಅದು ಸಲ್ಲಬೇಕಾದ್ದು ಜ್ವರ ನಿಮ್ಮಿಂದ ಬಲವಂತವಾಗಿ ಮಾಡಿಸಿದ, ಬಿಡಿಸಿದ ಕೆಲವು ಸಂಗತಿಗಳಿಗೆ.

ಮೊದಲು, ಜ್ವರದಲ್ಲಿ ಅಷ್ಟೊಂದು ಸಂಕಟ ಯಾಕೆ ಆಗುತ್ತದೆ ಎಂದು ನೋಡೋಣ. ಮೈ ಹಿಂಡುವುದು, ಹಸಿವು ಸತ್ತುಹೋಗುವುದು, ಯಾರ ಜೊತೆಗೂ ಮಾತು ಬೇಡವೆನ್ನಿಸುವುದು, ಬಿದ್ದುಕೊಂಡೇ ಇರಬೇಕೆನ್ನಿಸುವುದು ಇವುಗಳಲ್ಲಿ ಹೆಚ್ಚಿನವು ವೈರಸ್ ನೇರವಾಗಿ ಮಾಡುವ ಹಾವಳಿಯಲ್ಲ. ಸೋಂಕಿನ ಸುಳಿವು ಸಿಕ್ಕಿದೊಡನೆ ನಮ್ಮದೇ ರಕ್ಷಣಾ ಕೋಶಗಳು ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್ ಮೊದಲಾದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೈಬಿಸಿ ಏರಿಸಿ, ಉಳಿದ ಚಟುವಟಿಕೆಯನ್ನೆಲ್ಲ ನಿಲ್ಲಿಸುವುದು ಮೆದುಳಿನ ಕೆಲಸ. ಕಾಯಿಲೆಯಾದ ಪ್ರಾಣಿ ಮೂಲೆ ಹಿಡಿದು ಮಲಗುವುದು, ಮೇವು ಬಿಡುವುದು ಬರೀ ನಿತ್ರಾಣವಲ್ಲ, ಸೋಂಕಿನ ವಿರುದ್ಧ ದೇಹ ಮಾಡಿಕೊಂಡ ಏರ್ಪಾಡು ಎಂದು ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲೇ ವಾದಿಸಿದ್ದರು. ಇದಕ್ಕೆ ಮನುಷ್ಯರಲ್ಲಿ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವೈರಸ್ ಸೋಂಕಿನ ಚಿಕಿತ್ಸೆಯಲ್ಲಿ. ಹಿಂದೆ ಆ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಚುಚ್ಚಿಸಿಕೊಂಡ ಕೆಲವೇ ಗಂಟೆಗಳಲ್ಲಿ ಚಳಿ, ಮೈಕೈ ನೋವು. ಚಿಕಿತ್ಸೆ ಮುಂದುವರಿದಂತೆ ಸುಸ್ತು, ಹಲವರಿಗೆ ಖಿನ್ನತೆ. ಥೇಟ್ ಫ್ಲೂ, ಆದರೆ ಫ್ಲೂ ವೈರಸ್ ಅಲ್ಲಿರಲೇ ಇಲ್ಲ.

ಸೋಂಕು ಅಡಗಿದಾಗ ಈ ರಾಸಾಯನಿಕಗಳೂ ಇಳಿಯುತ್ತವೆ. ಹಸಿವು, ಆಸಕ್ತಿ, ಮಾತು ಎಲ್ಲವೂ ಒಟ್ಟಿಗೆ ಮರಳುತ್ತವೆ. ಮನಸ್ಸು ಇವತ್ತನ್ನು ಅಳೆಯುವುದು ಮೊನ್ನೆಯ ನರಳಾಟದ ಪಕ್ಕದಲ್ಲಿಟ್ಟು, ಹಾಗಾಗಿ ಮಾಮೂಲಿ ದಿನವೂ ಹಬ್ಬದಂತೆ ಕಾಣುತ್ತದೆ.

ಇಷ್ಟನ್ನು ಯಾರಾದರೂ ಊಹಿಸಬಹುದು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ನಿಮ್ಮ ಪ್ರಶ್ನೆಯಲ್ಲಿರುವ ‘ಕಾಯಿಲೆ ಬೀಳುವ ಮುಂಚೆ’ ಎಂಬ ಮಾತು. ಆ ಮುಂಚಿನ ದಿನಗಳಲ್ಲಿ ನೀವು ನಿಜಕ್ಕೂ ಚೆನ್ನಾಗಿದ್ದಿರಾ? 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ 164 ಆರೋಗ್ಯವಂತರ ನಿದ್ದೆಯನ್ನು ಅಳೆದು, ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ ಹನಿಸಿದರು. ರಾತ್ರಿ ಏಳು ಗಂಟೆಗಿಂತ ಹೆಚ್ಚು ಮಲಗುತ್ತಿದ್ದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಅಂದರೆ ಸೋಂಕಿಗೆ ಸುಲಭವಾಗಿ ಸಿಗುವವರು ಮೊದಲೇ ದಣಿದವರು. ಸಾಲದ್ದಕ್ಕೆ ಫ್ಲೂ ಮೈಸೇರಿ ಲಕ್ಷಣ ತೋರಲು ಒಂದರಿಂದ ನಾಲ್ಕು ದಿನ ಬೇಕು, ಡೆಂಗಿಗೆ ನಾಲ್ಕರಿಂದ ಹತ್ತು. ಜ್ವರದ ಹಿಂದಿನ ವಾರ ‘ಯಾಕೋ ಮೈ ಸರಿಯಿಲ್ಲ’ ಅನ್ನಿಸಿದ್ದರೆ ಆಗಲೇ ಒಳಗೆ ಕೆಲಸ ಶುರುವಾಗಿತ್ತೇನೋ. ನೀವು ಹೋಲಿಸುತ್ತಿರುವುದು ನಿಮ್ಮ ಸಹಜ ಸ್ಥಿತಿಗಲ್ಲ, ನಿಮ್ಮ ಕೆಟ್ಟ ವಾರಗಳಿಗೆ.

ಆ ಕೆಟ್ಟ ವಾರಗಳಿಂದ ಎಬ್ಬಿಸಿದ್ದು ಏನು? ಹಾಸಿಗೆಯಲ್ಲಿ ಕಳೆದ ದಿನಗಳನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ರಾತ್ರಿಯೂ ನಿದ್ದೆ, ಹಗಲೂ ನಿದ್ದೆ. ಕುಡಿಯುವವರು ಕುಡಿಯಲಿಲ್ಲ. ಸೇದುವವರಿಗೆ ಸಿಗರೇಟಿನ ವಾಸನೆಯೇ ಬೇಡವಾಯಿತು. ಸೇದುವುದು ನಿಂತರೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲೇ ಇಳಿಯುತ್ತದೆ. ತಡರಾತ್ರಿಯ ಭಾರಿ ಊಟ ನಿಂತಿತು, ಎದೆಯುರಿಯೂ ನಿಂತಿತು. ಕಾಫಿ ಬಿಟ್ಟಾಗ ಬರುವ ತಲೆನೋವಂತೂ ಜ್ವರದ ತಲೆನೋವಿನಲ್ಲೇ ಬೆರೆತು ಗೊತ್ತೇ ಆಗದೆ ಕಳೆದುಹೋಗುತ್ತದೆ. ಬೇಕೆಂದು ಬಿಡಲು ಹೊರಟವರಿಗೆ ಈ ಅದೃಷ್ಟವಿಲ್ಲ. ಕೆಲಸದ ಫೋನಿಗೆ ಉತ್ತರಿಸದಿದ್ದರೂ ಯಾರೂ ತಪ್ಪು ತಿಳಿಯಲಿಲ್ಲ. ಇಷ್ಟೂ ಕಟ್ಟುನಿಟ್ಟನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಪಾಲಿಸುತ್ತಿದ್ದವರು ಎಷ್ಟು ಜನ?

ಹೊಟ್ಟೆ ಹಗುರವಾದದ್ದಕ್ಕೆ, ತೂಕ ಇಳಿದದ್ದಕ್ಕೆ ಬಹಳ ಹಿಗ್ಗಬೇಡಿ. ದೇಹ ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯನ್ನು ಕೂಡಿಡುವಾಗ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನೂ ಜೊತೆಗಿಟ್ಟಿರುತ್ತದೆ. ಊಟ ಬಿಟ್ಟಾಗ ಆ ದಾಸ್ತಾನು ಖಾಲಿಯಾಗಿ ನೀರೂ ಹೋಗುತ್ತದೆ. ಊಟ ಶುರುವಾದರೆ ಎರಡೂ ವಾಪಸ್ಸು.

‘ಕೆಟ್ಟದ್ದು ತೊಳೆದು ಹೋಗುವ’ ಮಾತು ಕೇಳಲು ಹಿತವಾಗಿದೆ, ಆದರೆ ದೇಹ ನಡೆಯುವುದು ಹಾಗಲ್ಲ. ಬೆವರೆಂದರೆ ಬಹುಪಾಲು ನೀರು ಮತ್ತು ಉಪ್ಪು. ರಕ್ತವನ್ನು ಶುಚಿ ಮಾಡುವುದು ಯಕೃತ್ತು, ಮೂತ್ರಪಿಂಡಗಳು. ಜ್ವರದಲ್ಲಿ ನೀರು ಕಡಿಮೆಯಾದರೆ ಆ ಮೂತ್ರಪಿಂಡಗಳಿಗೇ ಕಷ್ಟ.

ಇನ್ನು ಆ ಅಪರೂಪದ ಉದಾಹರಣೆಗಳು. ಇದು ನನಗೆ ತುಂಬ ಇಷ್ಟದ ಅಧ್ಯಾಯ. 1929ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರ ಬಳಿ ಬಂದ ಸಂಧಿವಾತದ ರೋಗಿಯೊಬ್ಬರು, ತಮಗೆ ಕಾಮಾಲೆ ಬಂದಾಗಿನಿಂದ ಕೀಲುನೋವು ಮಾಯವಾಗಿದೆ ಎಂದರು. ಕಾಮಾಲೆ ಬಹಳ ಸಲ ಯಕೃತ್ತಿನ ವೈರಸ್ ಸೋಂಕಿನಿಂದಲೇ ಬರುವಂಥದ್ದು. ಹೆಂಚ್ ಆ ಮಾತನ್ನು ನಕ್ಕು ಬಿಡಲಿಲ್ಲ. ಅಂಥ ಇನ್ನಷ್ಟು ರೋಗಿಗಳನ್ನು ಗಮನಿಸುತ್ತ ಹೋದರು. ಬಸುರಿಯರಲ್ಲೂ ಇದೇ ಬಗೆಯ ಉಪಶಮನ ಕಂಡರು. ಹಾಗೆಂದು ಕಾಮಾಲೆ ಒಳ್ಳೆಯದು ಎಂದು ಸಾರಲಿಲ್ಲ. ಆ ಹೊತ್ತಿನಲ್ಲಿ ದೇಹದೊಳಗೆ ಹೆಚ್ಚಾಗುವ ಯಾವುದೋ ವಸ್ತು ಇರಬೇಕೆಂದು ಅದಕ್ಕೆ ‘ಎಕ್ಸ್’ ಎಂದು ಹೆಸರಿಟ್ಟು ಹುಡುಕತೊಡಗಿದರು. ಪಿತ್ತದ ಲವಣಗಳನ್ನು ಕೊಟ್ಟು ನೋಡಿದ್ದೂ ಉಂಟು, ಪ್ರಯೋಜನವಾಗಲಿಲ್ಲ. ಕೊನೆಗೆ 1948ರ ಸೆಪ್ಟೆಂಬರಿನಲ್ಲಿ, ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ಹಾರ್ಮೋನನ್ನು ತೀವ್ರ ಸಂಧಿವಾತದಿಂದ ನರಳುತ್ತಿದ್ದ ಯುವತಿಯೊಬ್ಬಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಸಲೀಸಾಗಿ ಓಡಾಡಿದಳು. ಅದೇ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್. 1950ರ ನೊಬೆಲ್ ಬಹುಮಾನ ಹೆಂಚ್, ಕೆಂಡಾಲ್, ಮತ್ತು ಸ್ವಿಟ್ಜರ್ಲೆಂಡಿನ ತಾಡಿಯಸ್ ರೈಕ್‌ಸ್ಟೈನ್ ಅವರಿಗೆ ಹಂಚಿಕೆಯಾಯಿತು.

ದಡಾರದ ಕಥೆ ಇನ್ನೊಂದು ಮುಖ ತೋರಿಸುತ್ತದೆ. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಯಿಂದ ಊದಿಕೊಂಡಿದ್ದ ಕೆಲವು ಮಕ್ಕಳಿಗೆ ದಡಾರ ಬಂದಾಗ ಊತ ಇಳಿದದ್ದನ್ನು 1940ರ ದಶಕದ ವೈದ್ಯರು ದಾಖಲಿಸಿದ್ದಾರೆ. ಹಾಗಾದರೆ ದಡಾರ ಒಳ್ಳೆಯದೇ? ಅದು ರೋಗನಿರೋಧಕ ವ್ಯವಸ್ಥೆಯನ್ನೇ ಮಂಕಾಗಿಸುತ್ತದೆ. ಆ ವ್ಯವಸ್ಥೆಯ ಎಡವಟ್ಟಿನಿಂದ ಬಂದ ಕಾಯಿಲೆ ಸ್ವಲ್ಪ ಕಾಲ ಸುಮ್ಮನಾಗುವುದು ಅದಕ್ಕೇ. ಇದರ ಬೆಲೆ ಎಷ್ಟೆಂದು 2019ರಲ್ಲಿ ಲೆಕ್ಕ ಸಿಕ್ಕಿತು: ಲಸಿಕೆ ಹಾಕಿಸಿಕೊಳ್ಳದೆ ದಡಾರಕ್ಕೆ ತುತ್ತಾದ 77 ಮಕ್ಕಳನ್ನು ಪರೀಕ್ಷಿಸಿದಾಗ, ಬೇರೆ ಬೇರೆ ರೋಗಾಣುಗಳ ವಿರುದ್ಧ ಅವರು ಅದುವರೆಗೆ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು.

‘ಒಂದು ಸಲ ಜ್ವರ ಬಂದು ಹೋದರೆ ಮೈ ಗಟ್ಟಿಯಾಗುತ್ತದೆ’ ಎನ್ನುವುದೂ ಅರ್ಧ ಸತ್ಯ. ಗಟ್ಟಿಯಾಗುವುದು ಮುಖ್ಯವಾಗಿ ಆ ವೈರಸ್ಸಿಗೆ ಮಾತ್ರ. ಡೆಂಗಿಯಲ್ಲಿ ನಾಲ್ಕು ಬಗೆಗಳಿದ್ದು, ಒಂದು ಬಂದುಹೋದ ಮೇಲೆ ಇನ್ನೊಂದು ತಗುಲಿದರೆ ಅದು ಉಲ್ಬಣಿಸುವ ಅಪಾಯವೇ ಹೆಚ್ಚು.

ಲವಲವಿಕೆಯನ್ನು ಸ್ವಲ್ಪ ಅನುಮಾನದಿಂದ ನೋಡಬೇಕಾದ ಸಂದರ್ಭಗಳೂ ಇವೆ. ಡೆಂಗಿಯಲ್ಲಿ ನಿಜವಾದ ಗಂಡಾಂತರ ಎದುರಾಗುವುದು ಜ್ವರ ಇಳಿಯುವ ಹೊತ್ತಿಗೇ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ; ಆಗ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ಆಸ್ಪತ್ರೆಗೆ ಓಡಬೇಕು. ಕೆಮ್ಮಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರೆ ಉತ್ಸಾಹ, ಹಸಿವು ಅದರಿಂದಲೇ ಬಂದಿರಬಹುದು, ನೋವಿಲ್ಲದಿರುವುದೂ ಅದರಿಂದಲೇ ಇರಬಹುದು. ಚೀಟಿಯನ್ನು ಒಮ್ಮೆ ನೋಡಿ. ಆದರೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಮುಂದುವರಿಸಲೂ ಬೇಡಿ.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದಿದೆ. ವೈರಲ್ ಸೋಂಕಿನ ಬೆನ್ನಿಗೆ ಕೆಲವರಿಗೆ ಥೈರಾಯ್ಡ್ ಗ್ರಂಥಿಗೆ ಉರಿಯೂತ ಬರುತ್ತದೆ. ಗ್ರಂಥಿಯಲ್ಲಿ ಕೂಡಿಟ್ಟ ಹಾರ್ಮೋನು ರಕ್ತಕ್ಕೆ ಸೋರಿ ಕೆಲವು ವಾರ ಚುರುಕು, ನಿದ್ದೆ ಕಡಿಮೆ, ಊಟ ಮಾಡಿದರೂ ತೂಕ ಇಳಿತ. ಜೊತೆಗೆ ಎದೆ ಡವಡವ, ಕೈ ನಡುಕ, ಕಿವಿಯವರೆಗೆ ಹರಿಯುವ ಕತ್ತಿನ ಮುಂಭಾಗದ ನೋವು. ಆಮೇಲೆ ಹಾರ್ಮೋನು ಕೊರತೆಯಾಗಿ ತಿಂಗಳುಗಟ್ಟಲೆ ಸುಸ್ತು. ಬಹುತೇಕರಿಗೆ ತಾನಾಗಿ ಸರಿಹೋಗುತ್ತದೆ, ಆದರೆ ಇವುಗಳಲ್ಲಿ ಯಾವುದಾದರೂ ನಿಮಗಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಇದ್ಯಾವುದೂ ಇಲ್ಲದಿದ್ದರೆ ಆರಾಮಾಗಿರಿ, ಆದರೆ ಹುರುಪಿನಲ್ಲಿ ನಾಳೆಯೇ ಓಟಕ್ಕೆ ಇಳಿಯಬೇಡಿ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಅವರ ದೇಹದ ದುಡಿಮೆಯ ಸಾಮರ್ಥ್ಯವನ್ನು ಅಳೆದರು. ಮೂವತ್ತು ವರ್ಷಗಳ ಬಳಿಕ ಅವರನ್ನೇ ಮತ್ತೆ ಪರೀಕ್ಷಿಸಿದಾಗ ತಿಳಿದದ್ದು: ವಯಸ್ಸು ಮೂವತ್ತು ವರ್ಷದಲ್ಲಿ ಕಸಿದದ್ದಕ್ಕಿಂತ ಹೆಚ್ಚನ್ನು ಆ ಮೂರು ವಾರಗಳು ಕಸಿದಿದ್ದವು. ಒಂದು ವಾರ ಮಲಗಿದರೆ ಅಷ್ಟಾಗುವುದಿಲ್ಲ, ಆದರೂ ಮನಸ್ಸಿನಷ್ಟು ಬೇಗ ಸ್ನಾಯುಗಳು ಚೇತರಿಸಿಕೊಳ್ಳುವುದಿಲ್ಲ. ಕೆಲವೊಮ್ಮೆ ವೈರಸ್ ಹೃದಯದ ಸ್ನಾಯುವನ್ನೂ ಮುಟ್ಟಿರುತ್ತದೆ. ಮೊದಲು ನಡಿಗೆ, ನಾಲ್ಕಾರು ದಿನ ಅದು ಸಲೀಸಾದರೆ ಸ್ವಲ್ಪ ವೇಗ, ಆಮೇಲೆ ಉಳಿದದ್ದು. ನಡೆಯುವಾಗ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ, ಎಂದಿಲ್ಲದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.