ಬೆನ್ನು ನೆಟ್ಟಗೆ ಮಾಡುವ ಮೊದಲು ಹೃದಯ ಯಾವ ಕಡೆ ಇದೆ ನೋಡಿ

ಕೋಲಾರದಲ್ಲಿ ನನ್ನ ಹತ್ತಿರ ಬರುವ ಬೆನ್ನು ಡೊಂಕಿನ ಮಕ್ಕಳಲ್ಲಿ ಅದನ್ನು ಮೊದಲು ಕಂಡುಹಿಡಿದವರು ಬಹಳ ಸಲ ಅಜ್ಜಿಯರೇ. ಎಣ್ಣೆ ಹಚ್ಚಿ ನೀರು ಹಾಕುವಾಗ ಅವರ ಕೈಗೆ ಗೊತ್ತಾಗುತ್ತದೆ. ಒಂದು ಕಡೆ ಪಕ್ಕೆ ಉಬ್ಬಿದೆ, ಒಂದು ಭುಜ ಎತ್ತರ ಇದೆ. ಮನೆಯಲ್ಲಿ ಹೇಳಿದರೆ "ಬೆಳೀತಾ ಬೆಳೀತಾ ಸರಿ ಹೋಗುತ್ತೆ ಬಿಡಿ" ಅನ್ನುತ್ತಾರೆ. ಅಲ್ಲಿಗೆ ಒಂದೆರಡು ವರ್ಷ ಹೋಗಿಬಿಡುತ್ತದೆ. ಹುಟ್ಟಿನಿಂದಲೇ ಬಂದ ಡೊಂಕು ಬೆಳೆಯುತ್ತಾ ಸರಿ ಹೋಗುವುದು ಅಪರೂಪ. ಹೆಚ್ಚಿನ ಮಕ್ಕಳಲ್ಲಿ ಬೆಳೆದಷ್ಟೂ ಜಾಸ್ತಿಯಾಗುತ್ತದೆ.

ಬೆನ್ನುಮೂಳೆಯ ತುಂಡುಗಳು ರೂಪ ಪಡೆಯುವುದು ಗರ್ಭದ ನಾಲ್ಕರಿಂದ ಆರನೇ ವಾರದಲ್ಲಿ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಅಂತಲೇ ಆಗಿನ್ನೂ ಗೊತ್ತಿರುವುದಿಲ್ಲ. ಒಂದು ಮೂಳೆ ಅರ್ಧ ಮಾತ್ರ ಬೆಳೆದರೆ, ಗೋಡೆಯ ನಡುವೆ ಮುಕ್ಕಾದ ಇಟ್ಟಿಗೆ ಸಿಕ್ಕಿಕೊಂಡಂತೆ, ಮೇಲಿನದ್ದೆಲ್ಲ ಒಂದು ಕಡೆ ವಾಲುತ್ತದೆ. ಇಲ್ಲವೇ ಪಕ್ಕಪಕ್ಕದ ಮೂಳೆಗಳು ಬೇರೆಯಾಗದೆ ಒಂದು ಕಡೆ ಅಂಟಿಕೊಂಡೇ ಉಳಿಯುತ್ತವೆ. ಆ ಕಡೆ ಬೆಳೆಯುವುದಿಲ್ಲ, ಇನ್ನೊಂದು ಕಡೆ ಬೆಳೆಯುತ್ತಲೇ ಹೋಗುತ್ತದೆ. ಇದಕ್ಕೆ ಗ್ರಹಣ ಕಾರಣ ಅಲ್ಲ, ಸ್ಕೂಲ್ ಬ್ಯಾಗೂ ಅಲ್ಲ. ನಮ್ಮ ಬಾಗೇಪಲ್ಲಿ, ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಮೂಳೆಗೆ ಕೆಟ್ಟದ್ದು ನಿಜ, ಆದರೆ ಅದರ ತೊಂದರೆ ಬೇರೆ. ಸೊಸೆಯ ಮೇಲೆ ತಪ್ಪು ಹೊರಿಸುವ ಮನೆಯವರಿಗೆ ನಾನು ಇದನ್ನು ಕೂರಿಸಿಕೊಂಡು ಹೇಳುತ್ತೇನೆ.

ಅದೇ ವಾರಗಳಲ್ಲಿ ಹೃದಯ, ಕಿಡ್ನಿ, ಬೆನ್ನುಹುರಿ ಕೂಡ ರೂಪ ಪಡೆಯುತ್ತಿರುತ್ತವೆ. ಹಾಗಾಗಿ ಬೆನ್ನುಮೂಳೆ ತಪ್ಪಿದ ಮಗುವಿನಲ್ಲಿ ಇವುಗಳಲ್ಲೂ ಏನಾದರೂ ಇರಬಹುದು ಅಂತಲೇ ಹೊರಡಬೇಕು. ಹೃದಯಕ್ಕೆ ಎಕೋ, ಕಿಡ್ನಿಗೆ ಹೊಟ್ಟೆ ಸ್ಕ್ಯಾನಿಂಗ್, ಬೆನ್ನುಹುರಿಗೆ ಎಂಆರ್‌ಐ. "ಬೆನ್ನು ತೋರಿಸೋಕೆ ಬಂದ್ರೆ ಹೊಟ್ಟೆಗೆ ಯಾಕೆ ಸಾರ್ ಸ್ಕ್ಯಾನಿಂಗು?" ಅಂತ ಕೇಳುತ್ತಾರೆ. ಇದಕ್ಕೇ.

ಇನ್ನು ಅಪರೂಪದ ಮಾತಿಗೆ ಬರುತ್ತೇನೆ. ಕೆಲವು ಮಕ್ಕಳಲ್ಲಿ ಒಳಗಿನ ಅಂಗಗಳೇ ಎಡಬಲ ಅದಲುಬದಲಾಗಿರುತ್ತವೆ. ಹೃದಯದ ತುದಿ ಬಲಕ್ಕೆ, ಲಿವರ್ ಎಡಕ್ಕೆ. ಎಲ್ಲವೂ ಪೂರ್ತಿ ಅದಲುಬದಲಾಗುವುದು ಸುಮಾರು 10,000 ಜನರಲ್ಲಿ ಒಬ್ಬರಿಗೆ. ಅಂಥವರು ಆರೋಗ್ಯವಾಗಿಯೇ ಇರಬಹುದು, ಗೊತ್ತೇ ಆಗದೆ ಬದುಕಿ ಮುಗಿಸುವವರೂ ಇದ್ದಾರೆ. ಕೆಲವು ಅಂಗ ಅಲ್ಲಿ, ಕೆಲವು ಇಲ್ಲಿ ಅಂತ ಕಲಸುಮೇಲೋಗರವಾದರೆ ಕಷ್ಟ ಜಾಸ್ತಿ, ಹೃದಯದ ದೋಷಗಳು ಆಗಲೇ ಹೆಚ್ಚು.

ಮುಳಬಾಗಿಲು ಕಡೆಯ ಮೂರು ವರ್ಷದ ಒಂದು ಹುಡುಗಿಯ ಎಕ್ಸ್‌ರೇ ನೆನಪಾಗುತ್ತದೆ. ಎಲ್ಲೋ ತೆಗೆಸಿಕೊಂಡು ಬಂದ ಫಿಲ್ಮ್ ಅದು. ಲೈಟ್ ಪೆಟ್ಟಿಗೆಗೆ ಸಿಕ್ಕಿಸಿದಾಗ ಹೃದಯದ ನೆರಳು ಬಲಕ್ಕೆ ಕಂಡಿತು. ಪಕ್ಕದಲ್ಲಿದ್ದ ಕಿರಿಯ ಡಾಕ್ಟರು "ಸಾರ್, ಉಲ್ಟಾ ಹಾಕಿದ್ದೀವಿ" ಅಂತ ತಿರುಗಿಸಿಬಿಟ್ಟರು. ಹೃದಯ ಎಡಕ್ಕೆ ಬಂತು. ಆದರೆ ಮೂಲೆಯಲ್ಲಿದ್ದ ಬಲಗಡೆಯ ಗುರುತು, 'ಆರ್' ಅಕ್ಷರ, ಹಿಂದುಮುಂದಾಯಿತು. ಮೊದಲು ಹಾಕಿದ್ದೇ ಸರಿ ಇತ್ತು. ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟೆವು. ಬಲಗಡೆಯೇ ಜೋರಾಗಿ ಕೇಳಿಸಿತು.

ಫಿಲ್ಮ್ ತಿರುಗಿಸಿದರೆ ಹೃದಯದ ಜೊತೆ ಬೆನ್ನಿನ ಡೊಂಕೂ ತಿರುಗುತ್ತದೆ. ಎಡಕ್ಕಿರುವ ಅರ್ಧ ಮೂಳೆ ಬಲಕ್ಕೆ ಕಾಣುತ್ತದೆ. ಅಷ್ಟೇ ಅಲ್ಲ. ದೇಹದ ದೊಡ್ಡ ರಕ್ತನಾಳ ಮಾಮೂಲಾಗಿ ಎದೆಯ ಭಾಗದಲ್ಲಿ ಬೆನ್ನುಮೂಳೆಯ ಎಡ ಮಗ್ಗುಲಿಗೆ ಹತ್ತಿಕೊಂಡು ಇಳಿಯುತ್ತದೆ. ಡೊಂಕು ತಿದ್ದುವ ಆಪರೇಷನ್‌ನಲ್ಲಿ ಬೆನ್ನುಮೂಳೆಯ ಎಡಗಡೆ ಸ್ಕ್ರೂ ಹಾಕುವಾಗ ನಾವು ಅದಕ್ಕೇ ಹುಷಾರಾಗಿರುತ್ತೇವೆ. ಪೂರ್ತಿ ಅದಲುಬದಲಾದ ಮಗುವಿನಲ್ಲಿ ಅದು ಬಲಕ್ಕಿರುತ್ತದೆ. ವರ್ಷಾನುಗಟ್ಟಲೆ ಅಭ್ಯಾಸವಾದ ಕೈ ಎಲ್ಲಿ ನಿರಾಳವಾಗಿ ಹೋಗುತ್ತದೋ ಅಲ್ಲೇ ಅಪಾಯ. ಅದಕ್ಕೆ ಇಂಥ ಮಕ್ಕಳಿಗೆ ರಕ್ತನಾಳಗಳೂ ಕಾಣುವಂಥ ಸಿಟಿ ಸ್ಕ್ಯಾನ್ ಮಾಡಿಸಿ, ಪ್ರತಿ ಸ್ಕ್ರೂವಿನ ಜಾಗ ಮೊದಲೇ ಗುರುತು ಮಾಡಿಕೊಳ್ಳಬೇಕು.

ಅರಿವಳಿಕೆ ಕೊಡುವವರಿಗೂ ಇದೇ ಪಾಡು. ಇಸಿಜಿ ವೈರುಗಳನ್ನು ಬಲಗಡೆಗೆ ಅಂಟಿಸಬೇಕು. ಹೃದಯದ ಹತ್ತಿರಕ್ಕೆ ನಳಿಕೆ ಹಾಕಲು ಸಾಮಾನ್ಯವಾಗಿ ಕುತ್ತಿಗೆಯ ಬಲಗಡೆಯ ನಾಳ ಆರಿಸುತ್ತಾರೆ, ಇಲ್ಲಿ ಎಡಗಡೆಯದೇ ನೇರ ದಾರಿ.

ನಾನು ಎಲ್ಲಕ್ಕಿಂತ ಹೆಚ್ಚು ವಿಚಾರಿಸುವುದು ಕೆಮ್ಮನ್ನು. ಗರ್ಭದಲ್ಲಿ ಎಡ ಯಾವುದು, ಬಲ ಯಾವುದು ಅಂತ ತೀರ್ಮಾನವಾಗುವುದು ಕಣ್ಣಿಗೆ ಕಾಣದ ಸಣ್ಣ ರೋಮಗಳ ಅಲುಗಾಟದಿಂದ. ಹೆಚ್ಚುಕಡಿಮೆ ಅಂಥವೇ ರೋಮಗಳು ಶ್ವಾಸನಾಳದಲ್ಲಿ ಕಫ ಮೇಲಕ್ಕೆ ತಳ್ಳುತ್ತವೆ. ಅವು ಹುಟ್ಟಿನಿಂದಲೇ ಸರಿಯಾಗಿ ಅಲುಗದ ಕಾಯಿಲೆ ಒಂದಿದೆ, ಅದಿರುವವರಲ್ಲಿ ಸುಮಾರು ಅರ್ಧ ಜನರಿಗೆ ಅಂಗಗಳೂ ಅದಲುಬದಲು. ಕಾರ್ಟಜೆನರ್ ಎಂಬ ವೈದ್ಯರು 1933ರಲ್ಲಿ ವಿವರಿಸಿದ್ದು ಇದನ್ನೇ. ವರ್ಷವಿಡೀ ಕಫದ ಕೆಮ್ಮು, ಸೋರುವ ಮೂಗು, ಪದೇ ಪದೇ ಸೋರುವ ಕಿವಿ ಇದ್ದರೆ ನಾನು ಆಪರೇಷನ್ ತಾರೀಕು ಹಾಕುವುದಿಲ್ಲ. ಬೆನ್ನು ಕೊಯ್ದ ಮಗು ನೋವಿಗೆ ಹೆದರಿ ಕೆಮ್ಮುವುದೇ ಇಲ್ಲ, ಕಫ ಕಟ್ಟಿ ನ್ಯುಮೋನಿಯಾಗೆ ತಿರುಗುತ್ತದೆ. ಮೊದಲು ಕೆಲವು ವಾರ ಎದೆಯ ಫಿಸಿಯೋಥೆರಪಿ ಮಾಡಿಸಿ, ಸೋಂಕು ಹತೋಟಿಗೆ ಬಂದ ಮೇಲೆಯೇ ಮುಂದಿನ ಮಾತು. ಅಂಗಗಳು ಕಲಸಿಹೋದ ಮಕ್ಕಳಲ್ಲಿ ಸೋಂಕು ತಡೆಯಲು ನೆರವಾಗುವ ಗುಲ್ಮ (ಸ್ಪ್ಲೀನ್) ಇಲ್ಲದೆಯೂ ಇರಬಹುದು, ಇದ್ದೂ ಕೆಲಸ ಮಾಡದಿರಬಹುದು. ಅವರಿಗೆ ಸೋಂಕು ಬೇಗ ವಿಷಮಿಸುತ್ತದೆ. ಮಾಮೂಲಿ ಲಸಿಕೆಗಳ ಜೊತೆಗೆ ಬೇರೆ ಲಸಿಕೆಗಳೂ ಬೇಕು.

ಹಾಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆದು ಡೊಂಕಿನ ಕೋನ ಅಳೆಯುತ್ತೇವೆ. ಕೆಲವರದ್ದು ಇದ್ದಲ್ಲೇ ನಿಲ್ಲುತ್ತದೆ. ಒಂದು ಕಡೆ ಅಂಟಿಕೊಂಡ ಮೂಳೆ, ಎದುರು ಕಡೆ ಅರ್ಧ ಮೂಳೆ ಎರಡೂ ಇದ್ದರೆ ವರ್ಷಕ್ಕೆ 5ರಿಂದ 10 ಡಿಗ್ರಿ ಏರಬಹುದು, ಅಲ್ಲಿ ಕಾಯುವಂತಿಲ್ಲ. "ಪುತ್ತೂರು ಕಟ್ಟು ಹಾಕಿಸೋಣವಾ, ಬೆಲ್ಟ್ ಹಾಕಿದರೆ ಆಗಲ್ವಾ?" ಅಂತ ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಮೂಳೆಯ ಆಕಾರವೇ ತಪ್ಪಿರುವಾಗ ಹೊರಗಿನ ಕಟ್ಟು ಅದನ್ನು ತಿದ್ದುವುದಿಲ್ಲ.

ಒಂದೇ ಅರ್ಧ ಮೂಳೆ ಕಾರಣವಾಗಿದ್ದು ಡೊಂಕು ಏರುತ್ತಿದ್ದರೆ, ಎರಡರಿಂದ ಐದು ವರ್ಷದೊಳಗೆ ಅದನ್ನು ತೆಗೆದು ಮೇಲಿನ ಕೆಳಗಿನ ಮೂಳೆ ಕೂಡಿಸುವುದು ಒಳ್ಳೆಯ ದಾರಿ. ಉದ್ದಕ್ಕೂ ಡೊಂಕಿದ್ದರೆ ಸಣ್ಣ ವಯಸ್ಸಿನಲ್ಲೇ ಪೂರ್ತಿ ಬೆಸೆಯಬಾರದು. ಮೊದಲ ಐದು ವರ್ಷದಲ್ಲಿ ಬೆನ್ನು ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ, ಶ್ವಾಸಕೋಶದ ಗಾಳಿಚೀಲಗಳು ಎಂಟು ವರ್ಷದವರೆಗಾದರೂ ಹೆಚ್ಚುತ್ತಿರುತ್ತವೆ. ಬೆನ್ನು ಗಿಡ್ಡವಾದರೆ ಎದೆಗೂಡೂ ಗಿಡ್ಡ. ಅದಕ್ಕೇ ಉದ್ದ ಮಾಡಬಲ್ಲ ಸರಳು ಕೂರಿಸಿ, ಆರು ತಿಂಗಳಿಗೊಮ್ಮೆ ಚೂರುಚೂರು ಹಿಗ್ಗಿಸುತ್ತೇವೆ. ಆಪರೇಷನ್ ಉದ್ದಕ್ಕೂ ನರಗಳ ಸಂಕೇತ ನೋಡುವ ಯಂತ್ರ ಇರಬೇಕು. ಅದಿಲ್ಲದ ಕಡೆ ಮಾಡಿಸಬೇಡಿ.

ಇದು ಜಿಲ್ಲೆಯಲ್ಲೇ ಮುಗಿಯುವ ಕೆಲಸ ಅಲ್ಲ, ಬೆಂಗಳೂರಿಗೆ ಹೋಗಲೇಬೇಕು. ಆದರೆ ಶುರು ಇಲ್ಲೇ ಆಗಬೇಕು. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿ, ಶಾಲೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಮಗುವಿನ ಬೆನ್ನು ತೋರಿಸಿ. ಅಂಗಿ ಬಿಚ್ಚಿ ಬಗ್ಗಿಸಿ ನೋಡಿದರೆ ಅರ್ಧ ನಿಮಿಷದ ಕೆಲಸ.

ಅಂಗಗಳು ಅದಲುಬದಲು ಅಂತ ಗೊತ್ತಾದ ಮಕ್ಕಳ ತಾಯಿ ತಂದೆಗೆ ಇನ್ನೊಂದು ಮಾತು. ಮಗುವಿನ ಫೈಲಿನ ಮೊದಲ ಪುಟದಲ್ಲೇ, ಕೆಂಪು ಪೆನ್ನಲ್ಲಿ, ದಪ್ಪಕ್ಷರದಲ್ಲಿ ಅದನ್ನು ಬರೆಸಿ. ಶಾಲೆಯವರಿಗೂ ಹೇಳಿ. ಹಸಿರು ವಾಂತಿ ಆದರೆ ಕರುಳು ತಿರುಚಿರಬಹುದು, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ. ನಾಳೆ ಅಪೆಂಡಿಕ್ಸ್ ಊದಿಕೊಂಡರೆ ಈ ಮಗುವಿಗೆ ನೋವು ಎಡಗಡೆ ಬರಬಹುದು. ಆಗ ನೋಡುವ ಡಾಕ್ಟರಿಗೆ ಇದು ಮೊದಲೇ ಗೊತ್ತಿರಬೇಕು.