ಸಿಸ್ಟರ್, ಇದು ಎಷ್ಟನೇ ನೈಟ್?

ಬೆಳಿಗ್ಗೆ ಆರೂವರೆ. ಮೆಡಿಕಲ್ ವಾರ್ಡಿನಲ್ಲಿ ತಿಂಡಿಗೆ ಮುಂಚಿನ ಇನ್ಸುಲಿನ್ ಕೊಡುವ ಹೊತ್ತು. ನಾನು ರೌಂಡ್ಸ್‌ಗೆ ಹೋದಾಗ ಒಬ್ಬ ಸಿಸ್ಟರ್ ಟ್ರಾಲಿ ಮುಂದೆ ಸಿರಿಂಜ್ ಹಿಡಿದು ಸುಮ್ನೆ ನಿಂತಿದ್ದರು.

"ಏನಾಯ್ತಮ್ಮ?" ಅಂದೆ.

"ಮೇಡಂ, ಕ್ಯಾಪ್ ಯಾವ ಬಣ್ಣ ಅಂತ ಮೂರು ಸಲ ನೋಡಿದೆ. ತಲೆಗೇ ಹೋಗ್ತಿಲ್ಲ."

ಕೈಯಲ್ಲಿದ್ದದ್ದು ಕಿತ್ತಳೆ ಕ್ಯಾಪಿನ ಸಿರಿಂಜ್. ಅದು 100ರ ಇನ್ಸುಲಿನ್‌ಗೆ, ಅಂದರೆ ಒಂದು ಎಂಎಲ್‌ನಲ್ಲಿ 100 ಯೂನಿಟ್ ಇರುವುದಕ್ಕೆ. ಟ್ರಾಲಿ ಮೇಲಿದ್ದ ಬಾಟಲಿ 40ರದ್ದು, ಅದಕ್ಕೆ ಕೆಂಪು ಕ್ಯಾಪಿನದೇ ಬೇಕು. ಕಿತ್ತಳೆಯದರಲ್ಲಿ 20ರ ಗೆರೆವರೆಗೆ ಎಳೆದು ಕೊಟ್ಟಿದ್ದರೆ ರೋಗಿಗೆ ಹೋಗುತ್ತಿದ್ದದ್ದು ಬರೀ 8 ಯೂನಿಟ್. ಅವರು ಹನ್ನೊಂದು ವರ್ಷದಿಂದ ಇನ್ಸುಲಿನ್ ಕೊಡುತ್ತಿರುವವರು. ಅವರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ಆದರೆ ಅದು ಅವರ ಸತತ ಆರನೇ ನೈಟ್. ಹಿಂದಿನ ಹಗಲು ಮಲಗಿದ್ದು ಮೂರು ಗಂಟೆ, ಅದೂ ಎರಡು ಸಲ ಎದ್ದು.

ಡ್ಯೂಟಿ ಲಿಸ್ಟ್ ಹಾಕಿದ್ದು ನಾನೇ. ಆವತ್ತಿನಿಂದ ವಾರ್ಡಿನಲ್ಲಿ ಏನೇ ತಪ್ಪಾದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಎಷ್ಟನೇ ನೈಟ್?

ನಮ್ಮ ಮೆದುಳಿನಲ್ಲಿ ಒಂದು ಗಡಿಯಾರ ಇದೆ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ನಡೆಯುತ್ತದೆ. ಕತ್ತಲಾದರೆ ನಿದ್ದೆಯ ಹೊತ್ತು ಬಂತು ಅಂತ ದೇಹಕ್ಕೆ ಹೇಳುವ ಮೆಲಟೋನಿನ್ ಎಂಬ ಹಾರ್ಮೋನ್ ಏರುತ್ತದೆ, ಬೆಳಗಿನ ಜಾವ ಮೂರರಿಂದ ಐದರ ಹೊತ್ತಿಗೆ ಮೈಯ ಉಷ್ಣತೆ ತೀರಾ ಕೆಳಗಿಳಿಯುತ್ತದೆ. ಎಷ್ಟೇ ಕೆಲಸ ಇರಲಿ, ಆ ಹೊತ್ತಿನಲ್ಲಿ ದೇಹ ಕೇಳುವುದು ನಿದ್ದೆಯನ್ನೇ. ಒಂದು ವಾರ ನೈಟ್ ಮಾಡಿದ ಮಾತ್ರಕ್ಕೆ ಈ ಗಡಿಯಾರ ತಿರುಗಿ ಕೂರುವುದಿಲ್ಲ. "ಅಭ್ಯಾಸ ಆಗುತ್ತೆ ಬಿಡಿ" ಅನ್ನುವ ಮಾತು ಸುಳ್ಳು.

ಇನ್ನೊಂದು ಲೆಕ್ಕ ನೋಡಿ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಒಂದು ವಿಷಯ ತೋರಿಸಿಕೊಟ್ಟರು. 17 ಗಂಟೆ ಎಚ್ಚರ ಇದ್ದವರ ಕೈ ಮತ್ತು ಗಮನ ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟೇ ಕುಂದಿರುತ್ತದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿಯೇ ಶೇ 0.03. ಮಕ್ಕಳ ಸ್ಕೂಲಿಗೆ ಡಬ್ಬಿ ಕಟ್ಟಲು ಬೆಳಿಗ್ಗೆ ಆರಕ್ಕೆ ಎದ್ದು, ಮಧ್ಯಾಹ್ನ ಮಲಗದೆ, ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದ ಸಿಸ್ಟರ್‌ಗೆ ಹನ್ನೊಂದು ಗಂಟೆಗೇ 17 ಗಂಟೆ ಮುಗಿದಿರುತ್ತದೆ. ಇನ್ನೂ ಒಂಬತ್ತು ಗಂಟೆ ಬಾಕಿ. ಆಮೇಲೆ ಹ್ಯಾಂಡೋವರ್ ಕೊಟ್ಟು ಸ್ಕೂಟರ್ ಹತ್ತಬೇಕು.

ಸುಸ್ತು ಅಂದರೆ ಮನೆಯವರೂ ಆಡಳಿತದವರೂ "ಮಲಗಿ ಎದ್ದರೆ ಸರಿಹೋಗುತ್ತೆ" ಅನ್ನುತ್ತಾರೆ. ಸರಿ, ಆದರೆ ಮಲಗೋದು ಯಾವಾಗ? ನಾನು ಮೊದಲು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ನೈಟ್ ಮುಗಿಸಿ ಹೋದ ದಿನವನ್ನೇ 'ಆಫ್' ಅಂತ ಬರೆಯುತ್ತಿದ್ದರು. ಮರುದಿನ ಮಾರ್ನಿಂಗ್ ಡ್ಯೂಟಿ. ಅದು ರಜೆಯೇ ಅಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಬೋಧನಾ ಆಸ್ಪತ್ರೆಗೆ ಮೂರು ರೋಗಿಗೆ ಒಬ್ಬರು ನರ್ಸ್, ಸಾಮಾನ್ಯ ಆಸ್ಪತ್ರೆಗೆ ಐವರಿಗೆ ಒಬ್ಬರು ಅಂತ ಹೇಳಿದೆ. ಆ ಆಸ್ಪತ್ರೆಯಲ್ಲಿ ನಾನು ರಾತ್ರಿ ಒಬ್ಬಳೇ ಮೂವತ್ತು ಜನರನ್ನು ನೋಡಿಕೊಂಡಿದ್ದೇನೆ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿ.

ಹಾಗಾಗಿ ಈಗ ನಾನು ಲಿಸ್ಟನ್ನೇ ಬೇರೆ ಥರ ಹಾಕುತ್ತೇನೆ. ಒಂದೇ ಸಮನೆ ಮೂರಕ್ಕಿಂತ ಜಾಸ್ತಿ ನೈಟ್ ಕೊಡುವುದಿಲ್ಲ. ಡ್ಯೂಟಿ ಮಾರ್ನಿಂಗ್, ಮಧ್ಯಾಹ್ನ, ನೈಟ್ ಹೀಗೆ ಮುಂದಕ್ಕೇ ಸಾಗಬೇಕು, ಹಿಂದಕ್ಕಲ್ಲ. ದೇಹದ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ. ಅದಕ್ಕೇ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಮೂರು ನೈಟ್ ಆದ ಮೇಲೆ ಎರಡು ಪೂರ್ತಿ ದಿನ ರಜೆ. ಇದಕ್ಕೆ ಆಡಳಿತದವರನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು.

ರಾತ್ರಿ ಎರಡು ಮೂರರ ನಡುವೆ, ಜೊತೆಯಲ್ಲಿ ಇನ್ನೊಬ್ಬರಿದ್ದಾಗ, ಸರದಿಯಂತೆ ಇಪ್ಪತ್ತು ನಿಮಿಷ ಮಲಗಿ ಅಂತ ನಾನೇ ಹೇಳುತ್ತೇನೆ. ಅದು ಕದ್ದು ಮಾಡುವ ಕೆಲಸ ಆಗಬಾರದು. ಎದ್ದ ತಕ್ಷಣ ಮಾತ್ರ ಔಷಧಿ ಮುಟ್ಟಬೇಡಿ. ಮುಖ ತೊಳೆದು, ಹತ್ತು ಹದಿನೈದು ನಿಮಿಷ ಓಡಾಡಿ. ಮೂರರ ನಂತರ ಕಾಫಿ ಬೇಡ. ಕುಡಿದ ಕೆಫೀನ್‌ನಲ್ಲಿ ಅರ್ಧ ಐದಾರು ಗಂಟೆಯಾದರೂ ಮೈಯಲ್ಲೇ ಇರುತ್ತದೆ, ಮನೆಗೆ ಹೋಗಿ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಮೊದಲ ನೈಟ್‌ಗೆ ಬರುವ ಮುಂಚೆ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಬನ್ನಿ. ವಾರ್ಡಿನ ಬೀರುವಿನಿಂದ ನಿದ್ದೆ ಮಾತ್ರೆ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ರಜೆಯ ದಿನಗಳಲ್ಲೂ ನಿದ್ದೆ ಬರದಿದ್ದರೆ, ಅಥವಾ ಜೋರು ಗೊರಕೆಯ ನಡುವೆ ಉಸಿರು ಕಟ್ಟಿದಂತೆ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಮನೆಯವರಿಗೂ ಒಂದು ಮಾತು. ನೈಟ್ ಮುಗಿಸಿ ಬಂದವರು ಹಗಲು ಮಲಗಿರುವುದು ಸೋಮಾರಿತನ ಅಲ್ಲ. ಅದು ಅವರ ರಾತ್ರಿ. "ಹೇಗೂ ಮನೇಲಿ ಇದ್ದೀಯಲ್ಲ" ಅಂತ ಸಿಲಿಂಡರ್ ತೆಗೆದುಕೊಳ್ಳಲು, ನಲ್ಲಿ ನೀರು ಹಿಡಿಯಲು ಎಬ್ಬಿಸಬೇಡಿ. ನಿಮ್ಮನ್ನು ರಾತ್ರಿ ಎರಡಕ್ಕೆ ಯಾರಾದರೂ ಹಾಗೆ ಎಬ್ಬಿಸುತ್ತಾರಾ? ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿಕೊಡಿ, ಕುಕ್ಕರ್ ಕೂಗಿಸುವುದಿದ್ದರೆ ಅಡುಗೆಮನೆ ಬಾಗಿಲು ಹಾಕಿಕೊಳ್ಳಿ. ನನ್ನ ಅತ್ತೆ ಕಾಲಿಂಗ್ ಬೆಲ್ ಸ್ವಿಚ್ಚನ್ನೇ ಆಫ್ ಮಾಡಿ, ಹೊರಗೆ ಜಗಲಿ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ನನಗೆ ಅಷ್ಟು ಸಹಾಯ ಮಾಡಿದವರು ಇನ್ನೊಬ್ಬರಿಲ್ಲ.

ನನಗೆ ಈಗಲೂ ಹೆದರಿಕೆ ಇರುವುದು ಬೆಳಿಗ್ಗೆ ಮನೆಗೆ ಹೋಗುವ ದಾರಿಯದು. ಸಿಗ್ನಲ್‌ನಲ್ಲಿ ನಿಂತಾಗಲೇ ಕಣ್ಣು ಮುಚ್ಚಿಹೋಯಿತು ಅಂತ ಇಬ್ಬರು ಬಂದು ಹೇಳಿದ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಎರಡು ಮಂಚ ಹಾಕಿಸಿದೆ. ಕಣ್ಣು ಎಳೆಯುತ್ತಿದ್ದರೆ ಅಲ್ಲೇ ಅರ್ಧ ಗಂಟೆ ಮಲಗಿ, ಆಮೇಲೆ ಗಾಡಿ ತೆಗೆಯಿರಿ ಅಂತ ಹೇಳಿದ್ದೇನೆ. ಕಳೆದ ವಾರ ಒಂಬತ್ತಕ್ಕೆ ಹೋಗಿ ನೋಡಿದರೆ ಎರಡು ಮಂಚದಲ್ಲೂ ಜನ. ಇನ್ನೊಬ್ಬರು ಕುರ್ಚಿಯಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಮೂರನೇ ಮಂಚಕ್ಕೆ ಇಂಡೆಂಟ್ ಹಾಕಿದ್ದೇನೆ.