ಕಳೆ ಔಷಧಿಯೂ ವಿಷವೇ, ಕಾನೂನೂ ಅದನ್ನೇ ಹೇಳುತ್ತದೆ

"ಇದು ಹುಲ್ಲಿಗೆ ಹೊಡೆಯೋದು ಸರ್, ಹುಳದ ಔಷಧಿ ಅಲ್ವಲ್ಲ, ಏನಾಗುತ್ತೆ?" ಹಳ್ಳಿಗಳಲ್ಲಿ ಈ ಮಾತು ಜಾಸ್ತಿ ಕೇಳಿಸುತ್ತದೆ. ಮೂಗಿಗೆ ಬಟ್ಟೆ ಕಟ್ಟದೆ, ಬರಿಗಾಲಲ್ಲಿ ಪಂಪು ಹೊತ್ತು ಹೊರಟವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ನಮ್ಮ ದೇಶದ 1968ರ ಕೀಟನಾಶಕಗಳ ಕಾಯ್ದೆ ಹುಳದ ಔಷಧಿಗೆ ಮಾತ್ರ ಸೀಮಿತವಲ್ಲ. ಕಳೆನಾಶಕ, ಶಿಲೀಂಧ್ರನಾಶಕಗಳೂ ಅದರೊಳಗೇ ಬರುತ್ತವೆ. ಕೇಂದ್ರದಲ್ಲಿ ನೋಂದಣಿಯಾಗದ ಕಳೆನಾಶಕವನ್ನು ಯಾರೂ ಮಾರುವಂತಿಲ್ಲ. ಮಾರುವವರಿಗೆ ಲೈಸೆನ್ಸ್ ಬೇಕು. ನೀವೂ ಬಿಲ್ ಕೇಳಿ ಪಡೆಯಿರಿ, ಬೆಳೆ ಕೆಟ್ಟರೆ ದೂರು ಕೊಡಲು ಅದೇ ಆಧಾರ.

ಡಬ್ಬದ ಮೇಲಿನ ಬಣ್ಣದ ಗುರುತನ್ನೂ ನೋಡಿ. ಕೆಂಪು ಎಂದರೆ ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೆ ವಿಷವೇ ಇಲ್ಲ ಅಂದುಕೊಳ್ಳಬೇಡಿ, ಉಳಿದವಕ್ಕಿಂತ ಕಡಿಮೆ ಅಷ್ಟೇ.

ನನಗೆ ಅತಿ ಹೆಚ್ಚು ಆತಂಕ ಪ್ಯಾರಾಕ್ವಾಟ್ ಬಗ್ಗೆ. ಅದು ಕಳೆನಾಶಕವೇ, ಆದರೆ ಹೊಟ್ಟೆಗೆ ಹೋದರೆ ಅದಕ್ಕೆ ಮದ್ದಿಲ್ಲ. ಕಿಡ್ನಿ, ಶ್ವಾಸಕೋಶ ಹಾಳಾಗುತ್ತವೆ. ಮೊದಲ ದಿನ ಮಾತಾಡುತ್ತಾ ಚೆನ್ನಾಗೇ ಇದ್ದವರು ಕೆಲವು ದಿನಗಳ ನಂತರ ಉಸಿರಾಡಲಾಗದೆ ಸಾಯಬಹುದು. ಹಾಗಾಗಿ ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ ದಯವಿಟ್ಟು ಸುರಿಯಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ. ಯಾರಾದರೂ ಸ್ವಲ್ಪ ಕುಡಿದರೂ "ನೋಡೋಣ" ಎಂದು ಕಾಯದೆ, ಡಬ್ಬವನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.

ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕದ ವಿಚಾರದಲ್ಲೂ ಸರ್ಕಾರ ಸುಮ್ನೆ ಕೂತಿಲ್ಲ. ತರಬೇತಿ ಮತ್ತು ಲೈಸೆನ್ಸ್ ಇರುವ ಪೀಡೆ ನಿಯಂತ್ರಕರ ಮೂಲಕವೇ ಅದನ್ನು ಬಳಸಬೇಕೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು.

ಇನ್ನು ಬೆಳೆಯ ಮಾತು. ಜೋಳಕ್ಕೋ ಕಬ್ಬಿಗೋ 2,4-ಡಿ ಎಂಬ ಕಳೆನಾಶಕ ಹೊಡೆಯುವಾಗ ಗಾಳಿ ಬೀಸಿದರೆ ಪಕ್ಕದ ಹತ್ತಿಗೆ ಪೆಟ್ಟು ಬೀಳುತ್ತದೆ. ಎಲೆ ಸೀಳಿಕೊಂಡು ಬೆಂಡೆ ಎಲೆಯ ಹಾಗೆ ಆಗುತ್ತದೆ. ಎಷ್ಟೋ ರೈತರು ಇದನ್ನು ರೋಗವೆಂದು ತಿಳಿದು ಮತ್ತೊಂದು ಔಷಧಿಗೆ ದುಡ್ಡು ಸುರಿಯುತ್ತಾರೆ. ತೊಳೆದ ಪಂಪಿನಲ್ಲಿ ಉಳಿದ ಅಂಶವೇ ಹತ್ತಿ, ಟೊಮೆಟೊ ಹಾಳಾಗಲು ಸಾಕು. ಅದಕ್ಕೇ ಕಳೆ ಔಷಧಿಗೆ ಒಂದು ಪಂಪನ್ನು ಬೇರೆಯೇ ಇಟ್ಟುಕೊಳ್ಳಿ. ಬಾಡಿಗೆಗೆ ತಂದರೆ, ಹಿಂದೆ ಅದರಲ್ಲಿ ಏನು ಹೊಡೆದಿದ್ದರು ಎಂದು ಕೇಳಿಯೇ ತುಂಬಿಸಿ.